ದೃಶ್ಯಕಾವ್ಯವೂ ಶ್ರವಣಹೀನ ಪ್ರೇಕ್ಷಕನೂ

ನಾಟಕಕ್ಕೆ ದೃಶ್ಯಕಾವ್ಯವೆಂದು ಹೆಸರಿಟ್ಟ ನಮ್ಮ ಆಲಂಕಾರಿಕರು ಕಣ್ಣಿಗೆ ಅಗ್ರಸ್ಥಾನವನ್ನಿತ್ತರು. ಭರತಮುನಿಯು ಹೇಳಿದ ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕಗಳೆಂಬ ಚತುರ್ವಿಧಾಭಿನಯಗಳಲ್ಲಿ ವಾಚಿಕವೊಂದನ್ನುಳಿದು ಮಿಕ್ಕ ಮೂರೂ ಕಣ್ಣಿಗೆ ಗೋಚರವಾಗತಕ್ಕವು. ಹೀಗಿರಲು, ಕಿವಿ ಕೇಳದವರು ಚಲನಚಿತ್ರದ ರಸಾನುಭವಕ್ಕೆ ಅನಧಿಕಾರಿಗಳೆಂಬ ಭಾವನೆಯು ಶಾಸ್ತ್ರಕ್ಕೂ ಯುಕ್ತಿಗೂ ಸಲ್ಲದು. ಮೂಕಚಿತ್ರಗಳ ಕಾಲದಲ್ಲಿ ಪಾತ್ರಗಳ ಮಾತು ಅಕ್ಷರರೂಪದಿಂದ ತೆರೆಯ ಮೇಲೆ ಮೂಡುತ್ತಿದ್ದುದರಿಂದ, ಓದಬಲ್ಲ ಕಿವುಡನು ಇತರರಿಗೆ ಸರಿಸಮಾನನಾಗಿ ಕುಳಿತು ನೋಡುತ್ತಿದ್ದನು. 1934ರಲ್ಲಿ ‘ಸತಿ ಸುಲೋಚನಾ’ ಚಿತ್ರದೊಡನೆ ಕನ್ನಡದ ತೆರೆಯು ಮಾತನಾಡತೊಡಗಿತು, ಅಕ್ಷರವು ಮರೆಯಾಯಿತು. ಲೋಕಕ್ಕೆ ಲಾಭವಾದುದು ಇವರಿಗೆ ನಷ್ಟವಾಯಿತು.

ಸಿಂಗೀತಂ ಶ್ರೀನಿವಾಸರಾಯರ ‘ಪುಷ್ಪಕ ವಿಮಾನ’ವು (1987) ಈ ವಿಷಯದಲ್ಲಿ ಪರಿಶೀಲನಾರ್ಹವಾದ ಕೃತಿ. ಬೆಂಗಳೂರಿನಲ್ಲಿಯೇ ಚಿತ್ರಿತವಾದ ಈ ಕಥೆಯಲ್ಲಿ ಸಂಭಾಷಣೆಯೇ ಇಲ್ಲ. ಇದಾದರೂ ಕಿವುಡರಿಗೆ ಪೂರ್ಣವಾಗಿ ದಕ್ಕುವುದೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಅದರ ಒಂದು ಹಾಸ್ಯಪ್ರಸಂಗವನ್ನು ನೋಡಬೇಕು. ಚಿತ್ರಮಂದಿರದ ಪಕ್ಕದ ಬಡ ಕೋಣೆಯಲ್ಲಿ ಗದ್ದಲದ ನಡುವೆ ಮಲಗಿ ರೂಢಿಯಾದ ನಾಯಕನಿಗೆ ಭವ್ಯವಾದ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ರೆ ಬಾರದು. ಆತನು ಆ ಮಂದಿರದ ಹೊಡೆದಾಟದ ಸದ್ದನ್ನು ಯಂತ್ರದಲ್ಲಿ ಮುದ್ರಿಸಿ ತಂದು, ಅದನ್ನು ಕೇಳುತ್ತ ಸುಖನಿದ್ರೆಗೆ ಸಂದುವನು. ಕಿವುಡನಿಗೆ ಯಂತ್ರವು ಕಂಡೀತು, ನಿದ್ರೆಯೂ ಕಂಡೀತು. ಇವೆರಡರ ಕಾರ್ಯಕಾರಣಸಂಬಂಧವು ಮಾತ್ರ ಕಾಣದು. ಮಾತಿಲ್ಲದ ಚಿತ್ರಕ್ಕೂ ಅಡಿಬರಹವು ಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವೇಕೆ? ಆದುದರಿಂದ ಅಡಿಬರಹವು ಸಂಭಾಷಣೆಯ ನಕಲಾದರೆ ಸಾಲದು. ಆಡಿದವರಾರು, ಬಾಗಿಲ ಹಿಂದಿನ ಸದ್ದೇನು, ವಾದ್ಯವು ಯಾವ ಭಾವವನ್ನು ಸೂಚಿಸಿತು ಎಂಬುದನ್ನೂ ಅದು ತಿಳಿಸಬೇಕು.

ಯಶವಂತಪುರಕ್ಕೆ ಸಮೀಪದ ಓರಾಯನ್ ಮಾಲಿನಲ್ಲಿ 2025ರ ಮಾರ್ಚಿನಲ್ಲಿ ಬೆಂಗಳೂರು ಅಂತರರಾಷ್ಟ್ರೀಯ ಚಲನಚಿತ್ರೋತ್ಸವವು ಜರುಗಿತು. ಇಂಥ ಉತ್ಸವಗಳಲ್ಲಿ ಕನ್ನಡ ಚಿತ್ರಗಳಿಗೆ ಇಂಗ್ಲಿಷ್ ಅಡಿಬರಹವನ್ನು ಕೊಡುವುದು ರೂಢಿ. ಪರದೇಶದ ಅತಿಥಿಗೆ ಸಲ್ಲುವ ಈ ಉಪಚಾರವು, ಕನ್ನಡವನ್ನು ಮಾತ್ರ ಓದಬಲ್ಲ ಊರಿನ ಕಿವುಡನಿಗೆ ಕನ್ನಡದಲ್ಲಿ ಸಲ್ಲಬೇಡವೇ? ಮನೆಮಂದಿಯೆಲ್ಲ ನಕ್ಕಾಗ ಅವರ ಮುಖಗಳನ್ನು ನೋಡಿ ಒಂದು ಕ್ಷಣ ತಡವಾಗಿ ನಗುವ ಮಂದಶ್ರವಣದ ವೃದ್ಧರು ಯಾವ ಕುಟುಂಬದಲ್ಲಿಲ್ಲ?

ಅಕ್ಷರಗಳು ಚಿತ್ರದ ಸೊಬಗನ್ನು ಕೆಡಿಸುವುವೆಂಬ ಆಕ್ಷೇಪವುಂಟು. ಕೇಂದ್ರ ಸರ್ಕಾರವು 2024ರ ಮಾರ್ಚ್ 15ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೆ ಸಮಾಧಾನವಿದೆ. ಎಲ್ಲರಿಗೂ ಕಾಣುವ ಅಡಿಬರಹವಲ್ಲದೆ, ಬೇಕಾದವರಿಗೆ ಮಾತ್ರ ಬೇರೊಂದು ಉಪಕರಣದಲ್ಲಿ ಕಾಣುವ ಅಡಿಬರಹಕ್ಕೂ ಪ್ರತ್ಯೇಕ ಪ್ರದರ್ಶನಗಳಿಗೂ ಅಲ್ಲಿ ಅವಕಾಶವಿದೆ. ಅಂಗವಿಕಲರ ಹಕ್ಕುಗಳ 2016ರ ಶಾಸನವು ಇದರ ಬೆನ್ನಿಗಿದೆ. ಆದುದರಿಂದ ಇದು ದಾನವಲ್ಲ, ಋಣ.

ಯಲಹಂಕ, ಹೆಬ್ಬಾಳ, ಯಶವಂತಪುರಗಳ ಚಿತ್ರಮಂದಿರಗಳು ವಾರಕ್ಕೊಂದು ಆಟವನ್ನಾದರೂ ಕನ್ನಡ ಅಡಿಬರಹದೊಡನೆ, ಮುಂಚಿತವಾಗಿ ಪ್ರಕಟಿಸಿದ ವೇಳೆಯಲ್ಲಿ ನಡೆಯಿಸಲಿ. ವಿಮರ್ಶಕರೂ ಛಾಯಾಗ್ರಹಣ, ಸಂಗೀತಗಳಂತೆಯೇ ಅಡಿಬರಹದ ಗುಣದೋಷಗಳನ್ನು ವಿವೇಚಿಸಲಿ. ಆಗ ಸಭೆಯು ನಕ್ಕ ಕ್ಷಣದಲ್ಲಿಯೇ ಆ ವೃದ್ಧರೂ ನಗುವರು.