ಸ್ಫಿಂಕ್ಸ್‌ನ ಮೂಗು: ‘ಆಸ್ಟೆರಿಕ್ಸ್ ಮತ್ತು ಕ್ಲಿಯೋಪಾತ್ರ’ ಚಿತ್ರಕಥೆಯ ಹಾಸ್ಯ

ಈಜಿಪ್ಟಿನ ಗೀಜಾದಲ್ಲಿರುವ ಮಹಾ ಸ್ಫಿಂಕ್ಸ್ ವಿಗ್ರಹಕ್ಕೆ ಮೂಗಿಲ್ಲ. ಈ ಊನಕ್ಕೆ ಕಾರಣ ಹೇಳುವ ಐತಿಹ್ಯಗಳು ಒಂದೆರಡಲ್ಲ. ನೆಪೋಲಿಯನ್ನನ ಸೈನಿಕರು ಫಿರಂಗಿ ಹಾರಿಸಿ ಒಡೆದರೆಂಬುದು ಅವುಗಳಲ್ಲಿ ಬಹು ಪ್ರಚಲಿತವಾದುದು. ಆದರೆ ನೆಪೋಲಿಯನ್ ಈಜಿಪ್ಟಿಗೆ ಕಾಲಿಟ್ಟದ್ದು 1798ರಲ್ಲಿ. ಅದಕ್ಕೂ ಆರು ದಶಕಗಳ ಹಿಂದೆ, 1737ರಲ್ಲಿ, ಫ್ರೆಡರಿಕ್ ನಾರ್ಡೆನ್ ಬರೆದುಕೊಂಡ ಚಿತ್ರದಲ್ಲಿಯೇ ಮೂಗು ಇಲ್ಲವಾಗಿದೆ. ಚರಿತ್ರೆ ಅಲ್ಲಗಳೆದರೂ ಐತಿಹ್ಯ ಬದುಕಿ ಉಳಿಯುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ಈ ಐತಿಹ್ಯಗಳ ಸಾಲಿಗೆ ಫ್ರಾನ್ಸಿನ ಇಬ್ಬರು ಕಲಾವಿದರು ತಮ್ಮದೂ ಒಂದನ್ನು ಸೇರಿಸಿದರು. ಗಾಲ್ ದೇಶದ ದಢೂತಿ ಒಬೆಲಿಕ್ಸ್ ನೋಟ ಕಾಣಲೆಂದು ಸ್ಫಿಂಕ್ಸ್‌ನ ಮುಖವನ್ನೇರಿದ. ಅವನ ಭಾರಕ್ಕೆ ಮೂಗು ಕಳಚಿ ಬಿತ್ತು.

ರೆನೆ ಗೊಸಿನ್ನಿ (1926–1977) ಬರೆದು, ಆಲ್ಬೇರ್ ಉದೆರ್ಜೊ (1927–2020) ಚಿತ್ರಿಸಿದ ‘ಆಸ್ಟೆರಿಕ್ಸ್ ಮತ್ತು ಕ್ಲಿಯೋಪಾತ್ರ’ 1963–64ರಲ್ಲಿ ‘ಪಿಲೋತ್’ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, 1965ರಲ್ಲಿ ಪುಸ್ತಕವಾಯಿತು. ಕಥಾವಸ್ತು ಸರಳವಾದುದು. ಈಜಿಪ್ಟಿನ ಪ್ರಜೆಗಳು ಸತ್ವಹೀನರಾಗಿದ್ದಾರೆಂದು ಜೂಲಿಯಸ್ ಸೀಸರ್ ಹಂಗಿಸುತ್ತಾನೆ. ಮೂರು ತಿಂಗಳಲ್ಲಿ ಅಲೆಕ್ಸಾಂಡ್ರಿಯದಲ್ಲಿ ಅವನಿಗೊಂದು ಅರಮನೆ ಕಟ್ಟಿಸಿಕೊಡುವುದಾಗಿ ರಾಣಿ ಪಣ ತೊಡುತ್ತಾಳೆ. ಕಟ್ಟಿದ್ದೆಲ್ಲ ಸೊಟ್ಟಗಾಗುವ ಶಿಲ್ಪಿಯೊಬ್ಬನಿಗೆ ಆ ಕೆಲಸ ಬೀಳುತ್ತದೆ. ಗೆದ್ದರೆ ಮೈತುಂಬ ಚಿನ್ನ, ಸೋತರೆ ಮೊಸಳೆಯ ಬಾಯಿ. ಅವನು ಗಾಲ್ ದೇಶದ ಪೂಜಾರಿ ವೈದ್ಯನ ಮಾಂತ್ರಿಕ ಪಾನೀಯವನ್ನು ಅರಸಿ ಹೊರಡುತ್ತಾನೆ. ಪಣ, ಗಡುವು, ಅಸಾಧ್ಯ ಕಾರ್ಯ, ಮಾಂತ್ರಿಕ ಸಹಾಯಕ, ಮತ್ಸರದ ಪ್ರತಿಸ್ಪರ್ಧಿ: ಇವೆಲ್ಲ ಅದ್ಭುತ ಕಥೆಗಳ ಆಶಯಗಳೇ. ಆದರೆ ಈ ಸಾದೃಶ್ಯವನ್ನು ಪಟ್ಟಿಮಾಡಿ ತೃಪ್ತಿಪಟ್ಟರೆ ಕೃತಿಯ ಹಾಸ್ಯ ಕೈಗೆ ಸಿಗುವುದಿಲ್ಲ.

ಮೂಗಿನ ಪ್ರಸಂಗವನ್ನೇ ನೋಡಬಹುದು. ಮೂಗು ಬಿದ್ದುದಷ್ಟೇ ಆಗಿದ್ದರೆ ಅದೊಂದು ಸಾಮಾನ್ಯ ಕಾರಣಕಥೆಯಾಗುತ್ತಿತ್ತು. ನಗೆ ಹುಟ್ಟುವುದು ಅದರ ಮುಂದಿನ ಹೆಜ್ಜೆಯಲ್ಲಿ. ಸ್ಫಿಂಕ್ಸ್‌ನ ಪುಟ್ಟ ಪ್ರತಿಕೃತಿಗಳನ್ನು ಪ್ರವಾಸಿಗಳಿಗೆ ಮಾರುವ ವ್ಯಾಪಾರಿಗಳು ತಡಮಾಡದೆ ಉಳಿ ಹಿಡಿದು ತಮ್ಮ ಸರಕಿನ ಮೂಗುಗಳನ್ನೆಲ್ಲ ಒಡೆದುಹಾಕುತ್ತಾರೆ. ಮೂಲ ಬದಲಾದರೆ ನಕಲೂ ಬದಲಾಗಬೇಕಷ್ಟೆ! ಕಾರಣಕಥೆ ಹೇಗೆ ಹುಟ್ಟುತ್ತದೆ ಎಂಬುದರ ಜೊತೆಗೆ ಅದು ಹೇಗೆ ಸರಕಾಗುತ್ತದೆ ಎಂಬುದನ್ನೂ ಈ ಚಿತ್ರ ಒಂದೇ ಉಸಿರಿಗೆ ಹೇಳಿಬಿಡುತ್ತದೆ. ಇಂಥ ವಿಡಂಬನೆ ಕೃತಿಯ ಉದ್ದಕ್ಕೂ ಹರಡಿದೆ. ಲಕ್ಸರಿನಲ್ಲಿ ಕಂಡ ಸೂಜಿಗಲ್ಲಿನ ಕಂಬವನ್ನು ಒಬೆಲಿಕ್ಸ್ ತನ್ನ ಹಳ್ಳಿಗೆ ಒಯ್ಯಬಯಸಿದಾಗ, ಊರ ಚೌಕದಲ್ಲಿ ಅದು ಶೋಭಿಸದೆಂದು ಗೆಳೆಯ ತಡೆಯುತ್ತಾನೆ. ಅದೇ ಲಕ್ಸರಿನ ಕಂಬವೊಂದು 1836ರಿಂದ ಪ್ಯಾರಿಸ್ಸಿನ ನಡುಚೌಕದಲ್ಲಿ ನಿಂತಿದೆ. ಕೊನೆಯಲ್ಲಿ ಪೂಜಾರಿಯು, ಎರಡು ಸಮುದ್ರಗಳ ನಡುವೆ ಕಾಲುವೆ ತೋಡಿಸುವ ಮನಸ್ಸಿದ್ದರೆ ತಮ್ಮವರನ್ನೇ ಕರೆಯಬಹುದೆಂದು ರಾಣಿಗೆ ಸೂಚಿಸುತ್ತಾನೆ. 1869ರಲ್ಲಿ ತೆರೆದ ಸೂಯೆಜ್ ಕಾಲುವೆಯ ಹಿಂದೆ ಇದ್ದವನು ಫ್ರೆಂಚ್ ಪ್ರಜೆ ಲೆಸೆಪ್ಸ್. ಈ ನಗೆಗೆ ಶಾಲೆಯ ಪಾಠಗಳ ನೆನಪು ಬೇಕು. ಜನಪದ ಕಥೆಯ ಕೇಳುಗನಿಗೆ ಪರಂಪರೆ ಒದಗಿಸುವ ಹಿನ್ನೆಲೆಯನ್ನು ಇಲ್ಲಿ ಪಠ್ಯಪುಸ್ತಕ ಒದಗಿಸುತ್ತದೆ.

ಹಿಂದಿನ ಕಾಲದಲ್ಲಿ ಇಂದಿನ ಮಾತನ್ನಾಡಿಸುವುದು ನಮ್ಮ ರಂಗಪರಂಪರೆಗೂ ಹೊಸದಲ್ಲ. ಯಕ್ಷಗಾನದ ಹಾಸ್ಯಗಾರ ಪುರಾಣಲೋಕದಲ್ಲಿ ನಿಂತೇ ಇಂದಿನ ಸಂಗತಿಯನ್ನು ಎತ್ತಬಲ್ಲ. ಆದರೆ ಆ ಸ್ವಾತಂತ್ರ್ಯ ಮುಖ್ಯವಾಗಿ ಅವನದು. ರಾಜವೇಷ ಹಾಗೆ ಮಾತನಾಡಿದರೆ ಪ್ರಸಂಗ ಕೆಡುತ್ತದೆ. ಗೊಸಿನ್ನಿಯ ಲೋಕದಲ್ಲಿ ಈ ಮೇರೆಯೇ ಇಲ್ಲ. ರಾಣಿ, ಸೀಸರ್, ಗುಲಾಮ, ಕಡಲುಗಳ್ಳ ಎಲ್ಲರೂ 1960ರ ದಶಕದ ಫ್ರೆಂಚರಂತೆಯೇ ವರ್ತಿಸುತ್ತಾರೆ.

ಈ ಸಲಿಗೆ ಎಡವುವ ಸ್ಥಳವೂ ಇದೆ. ಅರಮನೆಯ ಕೆಲಸಗಾರರು ಪ್ರತಿಸ್ಪರ್ಧಿಯ ಕುಮ್ಮಕ್ಕಿನಿಂದ ಮುಷ್ಕರಕ್ಕಿಳಿಯುತ್ತಾರೆ. ಅವರ ಬೇಡಿಕೆ, ಚಾವಟಿಯ ಏಟುಗಳನ್ನು ಕಡಿಮೆ ಮಾಡಬೇಕೆಂಬುದು. ಕಾರ್ಮಿಕ ಸಂಘದ ಭಾಷೆಯನ್ನು ಚಾವಟಿಯೊಡನೆ ಜೋಡಿಸಿದ ಈ ವಿನೋದ ಚತುರವಾದುದೇ. ಆದರೆ ಇತಿಹಾಸದಲ್ಲಿ ದಾಖಲಾದ ಮೊತ್ತಮೊದಲ ಮುಷ್ಕರವೆಂದು ಗುರುತಿಸಲಾಗುವುದು ಈಜಿಪ್ಟಿನದೇ ಎಂಬುದನ್ನು ಮರೆಯಲಾಗದು. ಕ್ರಿ.ಪೂ. 12ನೆಯ ಶತಮಾನದಲ್ಲಿ, ಮೂರನೆಯ ರಾಮ್ಸೆಸ್ಸನ ಆಳ್ವಿಕೆಯಲ್ಲಿ, ರಾಜಗೋರಿಗಳನ್ನು ಕೊರೆಯುತ್ತಿದ್ದ ದೇರ್ ಎಲ್ ಮದೀನಾದ ಕುಶಲಕರ್ಮಿಗಳು ಪಡಿ ಬಾರದೆ ಹಸಿದು ಕೆಲಸ ನಿಲ್ಲಿಸಿ ದೇವಾಲಯದ ಬಳಿ ಕುಳಿತರು. ಟ್ಯೂರಿನ್ನಿನಲ್ಲಿರುವ ಪಪೈರಸ್ ಒಂದರಲ್ಲಿ ಇದರ ವಿವರವಿದೆ. ಅವರು ಬೇಡಿದ್ದು ಧಾನ್ಯ. ಚಿತ್ರಕಥೆಯಲ್ಲಿಯಾದರೋ ಮಾಂತ್ರಿಕ ಪಾನೀಯ ಕುಡಿಸಿದೊಡನೆ ಕಾರ್ಮಿಕರ ಅಹವಾಲು ಕರಗಿಹೋಗುತ್ತದೆ. ಯಜಮಾನನಿಗೆ ಇದಕ್ಕಿಂತ ಅನುಕೂಲವಾದ ಪಾನೀಯ ಇನ್ನೊಂದಿರಲಾರದು.

ಕೃತಿಯ ಅತ್ಯಂತ ಸೂಕ್ಷ್ಮವಾದ ಹಾಸ್ಯವಿರುವುದು ಭಾಷೆಯ ವಿಷಯದಲ್ಲಿ. ಈಜಿಪ್ಟಿನವರು ತಮ್ಮ ನುಡಿಯಲ್ಲಿ ಮಾತನಾಡಿದಾಗ ಮಾತಿನ ಗುಳ್ಳೆಯೊಳಗೆ ಹಕ್ಕಿ, ಹಾವು, ಕಣ್ಣುಗಳ ಚಿತ್ರಲಿಪಿ ತುಂಬಿರುತ್ತದೆ. ಓದುಗನು ಅದರ ಮುಂದೆ ಅನಕ್ಷರಸ್ಥ. ಇಲ್ಲಿ ನಗೆಗೀಡಾಗುವವನು ಆಡುವವನಲ್ಲ, ಅರಿಯದವನು. ಇದಕ್ಕೆ ತೀರ ವಿರುದ್ಧವಾದುದು ಅದೇ ಮಾಲಿಕೆಯಲ್ಲಿ ಮತ್ತೆ ಮತ್ತೆ ಬರುವ ಕಡಲುಗಳ್ಳರ ಗುಂಪಿನ ಆಫ್ರಿಕನ್ ಕಾವಲುಗಾರನ ಚಿತ್ರಣ. ಮೂಲ ಫ್ರೆಂಚಿನಲ್ಲಿ ಅವನ ಬಾಯಿಗೆ ‘ರ’ಕಾರ ಬಾರದು, ತುಟಿಗಳನ್ನು ಅತಿಯಾಗಿ ಉಬ್ಬಿಸಿ ಬರೆಯಲಾಗಿದೆ. ವಸಾಹತು ಕಾಲದ ಪೂರ್ವಗ್ರಹ ಇದು. ‘ಆ ಕಾಲದ ರೂಢಿ’ ಎಂಬ ಸಮಾಧಾನ ಇಲ್ಲಿ ಸಲ್ಲದು; ಚಿತ್ರಲಿಪಿಯ ಗುಳ್ಳೆಯನ್ನು ಕಲ್ಪಿಸಿದ ಕೈಗಳೇ ಇದನ್ನೂ ಮಾಡಿವೆ.

ಅನ್ಯಭಾಷೆಯ ಹಾಸ್ಯ ಯಾರನ್ನು ಗುರಿಯಾಗಿಸುತ್ತದೆ ಎಂಬ ಈ ಪ್ರಶ್ನೆ ಕನ್ನಡ ಸಂಶೋಧನೆಗೆ ದೂರದ್ದಲ್ಲ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತು 1903ರಲ್ಲಿ ಪ್ರಕಟವಾದ 413ನೆಯ ಪಪೈರಸ್‌ನಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಖಾರಿತಿಯೋನ್ ಎಂಬ ಗ್ರೀಕ್ ತರುಣಿಯನ್ನು ಅವಳ ಕಡೆಯವರು ಬಿಡಿಸಿಕೊಂಡು ಹೋಗುವುದು ಅದರ ಕಥೆ. ಅದರಲ್ಲಿನ ಅನ್ಯನುಡಿಯನ್ನು ಕನ್ನಡವೆಂದು ಹುಲ್ಟ್ಸ್ 1904ರಲ್ಲಿ ಸೂಚಿಸಿದರು, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಮೊದಲಾದವರು ಆ ಚರ್ಚೆಯನ್ನು ಮುಂದುವರಿಸಿದರು. ತುಳುವೆಂಬ ವಾದವೂ ಇದೆ, ಅರ್ಥವಿಲ್ಲದ ಸದ್ದೆಂಬ ಸಂಶಯವೂ ಇದೆ. ಚರ್ಚೆ ಬಹುಮಟ್ಟಿಗೆ ಯಾವ ಪದ ಯಾವುದೆಂದು ಗುರುತಿಸುವಲ್ಲಿ ಹಾಗೂ ನುಡಿಯ ಪ್ರಾಚೀನತೆಯ ಅಭಿಮಾನದಲ್ಲಿ ನಿಂತಿದೆ. ಅದು ಪ್ರಹಸನವೆಂಬುದು, ಪ್ರೇಕ್ಷಕರನ್ನು ನಗಿಸಲು ಆ ನುಡಿಯನ್ನು ರಂಗಕ್ಕೆ ತಂದರೆಂಬುದು ಹಿಂದೆ ಸರಿದಿದೆ. ಅಲ್ಲಿಯೂ ಒಂದು ಪಾನೀಯವಿದೆ: ನೀರು ಬೆರೆಸದ ಮದ್ಯ. ಅದು ಬಲ ಕೊಡುವುದಿಲ್ಲ. ಭಾರತೀಯ ಅರಸನನ್ನೂ ಅವನ ಪರಿವಾರವನ್ನೂ ಮತ್ತರನ್ನಾಗಿಸಿ ಕೆಡವುತ್ತದೆ. ಶತ್ರುಗಳನ್ನು ಅಪಾನವಾಯುವಿನಿಂದಲೇ ಓಡಿಸುವ ವಿದೂಷಕನೂ ಅಲ್ಲಿದ್ದಾನೆ. ಅರಸನ ಕಡೆಯವರು ತಮ್ಮ ನುಡಿಯಲ್ಲಿ ಏನೋ ಹೇಳುತ್ತಾರೆ, ಏನೆಂದು ಒಬ್ಬ ಕೇಳುತ್ತಾನೆ, ಮತ್ತೊಬ್ಬ ಗ್ರೀಕಿನಲ್ಲಿ ಅರ್ಥ ಹೇಳುತ್ತಾನೆ. ಆ ಸದ್ದಿಗೆ ಈಜಿಪ್ಟಿನ ಸಭಿಕರು ನಕ್ಕಿದ್ದಾರೆ. ನಕ್ಕದ್ದು ಕನ್ನಡವನ್ನು ಕೇಳಿಯೇ ಆಗಿದ್ದರೆ, ಈ ನುಡಿಯ ಅತಿ ಪ್ರಾಚೀನ ದಾಖಲೆಗಳಲ್ಲೊಂದು ಪರರು ಮಾಡಿದ ಅಣಕ ಎಂದಾಗುತ್ತದೆ.