ಬೆವರಿನ ಕೈ, ಬರಿ ಅಲ್ಯೂಮಿನಿಯಂ

ಕೈಲ್ ಪೊಳ್ದ್ ಬಂತೆಂದರೆ ಕೊಡಗಿನ ಮನೆಗಳಲ್ಲಿ ತೋಕ್, ಅಂದರೆ ಕೋವಿ, ಒರೆಸಿ, ಎಣ್ಣೆ ಹಚ್ಚಿ, ಹೂವಿಟ್ಟು ಪೂಜಿಸುತ್ತಾರೆ. ಉಕ್ಕಿನ ನಳಿಗೆ, ಮರದ ಹಿಡಿ. ಅದಕ್ಕೆ ಎಣ್ಣೆಯೇ ಸರಿ. ಅದೇ ಸೀಸೆಯನ್ನು ಹತ್ತು ಮೀಟರ್ ಏರ್ ರೈಫಲ್‌ನ ಅಲ್ಯೂಮಿನಿಯಂ ಸ್ಟಾಕಿನ ಮೇಲೂ ಬಗ್ಗಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಎಣ್ಣೆಯ ಪಸೆಗೆ ಧೂಳು ಕೂರುತ್ತದೆ, ಜಾರುವ ಹಳಿಯಲ್ಲಿ ಆ ಧೂಳೇ ಉಪ್ಪುಕಾಗದದ ಕೆಲಸ ಮಾಡುತ್ತದೆ. ಲೋಹಕ್ಕಂತೂ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಅಲ್ಯೂಮಿನಿಯಂ ತನ್ನ ಅಂಗಿಯನ್ನು ತಾನೇ ತೊಡುತ್ತದೆ. ಹೊಸದಾಗಿ ಕೆತ್ತಿದ ಮೈಗೆ ಗಾಳಿ ತಾಗಿದ ಕೂಡಲೇ ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪೊರೆ ಕಟ್ಟುತ್ತದೆ. ತೀರಾ ಹುಳಿಯೂ ಅಲ್ಲದ, ತೀರಾ ಕ್ಷಾರವೂ ಅಲ್ಲದ ನೀರಿಗೆ ಅದು ಜಗ್ಗುವುದಿಲ್ಲ. ಜಗ್ಗುವುದು ಉಪ್ಪಿಗೆ. ರಾತ್ರಿಯಿಡೀ ಹುಳಿಸಾರು ಬಿಟ್ಟ ಅಲ್ಯೂಮಿನಿಯಂ ಪಾತ್ರೆಯ ತಳ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೆವರಿನ ಕ್ಲೋರೈಡ್ ಪೊರೆಯನ್ನು ಎಲ್ಲೋ ಒಂದು ಕಡೆ ಒಡೆಯುತ್ತದೆ; ಅಲ್ಲೊಂದು ಸೂಜಿಮೊನೆಯಷ್ಟು ಕುಳಿ ಬೀಳುತ್ತದೆ; ಕುಳಿಯೊಳಗಿನ ನೀರು ಆಮ್ಲವಾಗುತ್ತಾ ಕೆಳಗೆ ಕೆಳಗೆ ಕೊರೆಯುತ್ತದೆ. ಮೇಲೆ ಕಾಣುವುದು ಚಿಟಿಕೆ ಬಿಳಿ ಪುಡಿ ಮಾತ್ರ. ಅದನ್ನು ಒರೆಸಿ ಉಗುರು ಎಳೆದು ನೋಡಿ, ತಡೆಯುತ್ತದೆ.

ಇಲ್ಲಿ ಮಿಶ್ರಲೋಹದ ಜಾತಿ ಮುಖ್ಯ. 6061 ಸಾಧು. ಎಆರ್-15 ಮಾದರಿ ರೈಫಲ್‌ಗಳ ರಿಸೀವರ್‌ಗೆ ಹೆಸರಾದ 7075ರಲ್ಲಿ ಶೇ 5ರಿಂದ 6ರಷ್ಟು ಸತು, ಜೊತೆಗೆ ಶೇ 1.2ರಿಂದ 2ರವರೆಗೆ ತಾಮ್ರ. ಬಲ ಬಂದದ್ದು ಈ ಬೆರಕೆಯಿಂದ, ಬೇನೆಯೂ ಅದರಿಂದಲೇ. ತಾಮ್ರವಿರುವ ಕಣಗಳ ಸುತ್ತಲಿನ ಅಲ್ಯೂಮಿನಿಯಂ ಮೊದಲು ಕರಗುತ್ತದೆ. ಹಾಗಾಗಿ ‘ವಿಮಾನದ ಅಲ್ಯೂಮಿನಿಯಂ’ ಎಂದು ಬೀಗಿ 7075ನ್ನು ಬೋಳಾಗಿ ಬಿಡುವುದು ಜಾಣತನವಲ್ಲ.

ಸರಿಯಾದ ರಕ್ಷಣೆ ಅನೋಡೈಸಿಂಗ್. ಅದು ಹಚ್ಚಿದ ಬಣ್ಣವಲ್ಲ, ಲೋಹವೇ ಬೆಳೆದು ಆದ ಪದರ. ಹಾರ್ಡ್ ಅನೋಡೈಸಿಂಗ್‌ನಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿನ ಸಲ್ಫ್ಯೂರಿಕ್ ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹರಿಸಿ ಸುಮಾರು 50 ಮೈಕ್ರಾನ್ ದಪ್ಪ ಬೆಳೆಸುತ್ತಾರೆ. ಅದರಲ್ಲಿ ಅರ್ಧ ಒಳಕ್ಕೆ, ಅರ್ಧ ಹೊರಕ್ಕೆ. ಪೀಣ್ಯದಲ್ಲಿ ಲೇತ್ ಇಟ್ಟುಕೊಂಡವರ ಬಳಿ ಕೆನ್ನೆಪಟ್ಟಿಯ ಕಂಬವನ್ನೋ ಹ್ಯಾಂಡ್‌ಸ್ಟಾಪನ್ನೋ ಮಾಡಿಸುವವರು ಎಡವುವುದು ಇಲ್ಲೇ. ಮೈ 25 ಮೈಕ್ರಾನ್ ಉಬ್ಬಿದರೆ, ಓರೆ ಹಲ್ಲಿನ ಲೆಕ್ಕದಲ್ಲಿ ಥ್ರೆಡ್‌ನ ಪಿಚ್ ವ್ಯಾಸ ಅದರ ನಾಲ್ಕು ಪಟ್ಟು, ಅಂದರೆ 100 ಮೈಕ್ರಾನ್ ಬದಲಾಗುತ್ತದೆ. ನಿನ್ನೆ ಸಲೀಸಾಗಿ ಹೋದ ಸ್ಕ್ರೂ ಇವತ್ತು ಹೋಗುವುದಿಲ್ಲ. ತೊಟ್ಟಿಗೆ ಇಳಿಸುವ ಮೊದಲೇ ತೂತುಗಳನ್ನು ಮುಚ್ಚಿಸಿ, ಇಲ್ಲವೇ ಅಷ್ಟು ಜಾಗ ಬಿಟ್ಟು ಕೊರೆಸಿ. ಹೊರಬಂದ ಪದರ ನೀಲಮಣಿಯ ಜಾತಿಯದ್ದು, ಗಟ್ಟಿ. ಆದರೆ ಕೆಳಗಿನ ಹಾಸಿಗೆ ಮೆತ್ತಗೆ. ಒಂದೇ ಕಡೆ ಬಲವಾದ ಪೆಟ್ಟು ಬಿದ್ದರೆ ಬಿರುಕು ಬಿಡುತ್ತದೆ.

ಪಕ್ಕದ ಶೆಡ್‌ನಲ್ಲಿ ಅಗ್ಗಕ್ಕೆ ಸಿಗುವ ಪೌಡರ್ ಕೋಟಿಂಗ್ ಮೇಲೆ ಆಸೆಪಟ್ಟವರಿಗೆ ಒಂದು ಮಾತು. ಆ ಒಲೆ ಸಾಮಾನ್ಯವಾಗಿ 180ರಿಂದ 200 ಡಿಗ್ರಿ ಕಾಯುತ್ತದೆ. 7075-ಟಿ6ಗೆ ಬಲ ಕೊಡಲು ಅದನ್ನು ಹದ ಮಾಡುವುದೇ 120 ಡಿಗ್ರಿಯ ಹತ್ತಿರ. ಬಣ್ಣ ಚಂದ ಬರುತ್ತದೆ, ಲೋಹ ಮೆತ್ತಗಾಗಿರುತ್ತದೆ.

ಅನೋಡೈಸಿಂಗ್ ಸವೆದು ಬೆಳ್ಳಗಾದ ಅಂಚುಗಳಿಗೆ ದೊಡ್ಡ ಚಿಕಿತ್ಸೆ ಬೇಡ. ಅಭ್ಯಾಸ ಮುಗಿದ ಮೇಲೆ ತುಸು ಒದ್ದೆ ಬಟ್ಟೆಯಿಂದ ಬೆವರು ತೆಗೆದು, ಒಣಬಟ್ಟೆಯಲ್ಲಿ ಒರೆಸಿ, ಆಗಾಗ ತೆಳ್ಳಗೆ ಮೇಣ ತಿಕ್ಕಿದರೆ ಸಾಕು. ಕಾರಿಗೆ ಹಚ್ಚುವ ಮೇಣವೂ ನಡೆಯುತ್ತದೆ, ಉಜ್ಜುವ ಪುಡಿ ಬೆರೆತಿರಬಾರದು ಅಷ್ಟೇ. ಸೋಡಾ, ಅಮೋನಿಯಾ ಇರುವ ಯಾವ ದ್ರಾವಣವೂ ಹತ್ತಿರ ಬರಬಾರದು. ಮಂಗಳೂರು, ಕಾರವಾರದವರು ಪೆಟ್ಟಿಗೆಯೊಳಗಿನ ಫೋಮ್ ಮೇಲೂ ಕಣ್ಣಿಡಬೇಕು. ಬೆವರು ಹೀರಿದ ಫೋಮ್‌ನಲ್ಲಿ ರೈಫಲ್ ಮುಚ್ಚಿಟ್ಟರೆ ಉಪ್ಪುನೀರಿನ ಪಟ್ಟಿ ಕಟ್ಟಿಟ್ಟಂತೆಯೇ.

ನನಗೆ ಹೆಚ್ಚು ಭಯ ಸ್ಕ್ರೂಗಳದು. ಸ್ಟೇನ್‌ಲೆಸ್ ಸ್ಕ್ರೂ, ಅಲ್ಯೂಮಿನಿಯಂ ತೂತು, ನಡುವೆ ಬೆವರು: ಬ್ಯಾಟರಿ ತಯಾರು, ಸವೆಯುವುದು ಅಲ್ಯೂಮಿನಿಯಂ. ಗ್ರೀಸ್ ಹಾಕಿ, ಆದರೆ ಗ್ರಾಫೈಟ್ ಅಥವಾ ತಾಮ್ರ ಬೆರೆತದ್ದು ಬೇಡ, ಅವು ಬ್ಯಾಟರಿಗೆ ಇನ್ನಷ್ಟು ಬಲ ತುಂಬುತ್ತವೆ. ಸತುವಿನ ಪುಡಿಯ ಗ್ರೀಸ್ ಒಳ್ಳೆಯದು. ಆಗಾಗ ಬಿಚ್ಚುವ ಅಗತ್ಯವಿಲ್ಲದ ಕಡೆ ನೀಲಿ ಥ್ರೆಡ್‌ಲಾಕರ್ ಸಡಿಲವಾಗುವುದನ್ನೂ ತಡೆಯುತ್ತದೆ, ನೀರನ್ನೂ. ದಿನಾ ಬಿಚ್ಚಿ ಕಟ್ಟುವ ತೂತಿಗಾದರೆ ಉಕ್ಕಿನ ತಂತಿಸುರುಳಿಯ ಇನ್ಸರ್ಟ್ ಕೂರಿಸಿಬಿಡಿ. ಅದರ ಹೊರಮೈಗೂ ಅದೇ ಸತುವಿನ ಗ್ರೀಸ್ ಸವರಿ.

ಇದೆಲ್ಲ ಸ್ಟಾಕ್ ಮತ್ತು ಬಿಡಿಭಾಗಗಳ ಮಾತು. 200 ಬಾರ್ ಒತ್ತಡ ಹೊತ್ತ ಅಲ್ಯೂಮಿನಿಯಂ ಸಿಲಿಂಡರ್‌ಗೆ ಈ ಮನೆಮದ್ದು ಯಾವುದೂ ಸಲ್ಲದು. ಅದರ ಮೇಲೆ ಕುಳಿ ಕಂಡರೆ ಉಜ್ಜಬೇಡಿ, ಬಣ್ಣ ಬಳಿಯಬೇಡಿ, ಅದರ ಕಾಳಜಿಯನ್ನು ತಯಾರಕರ ಅಧಿಕೃತ ಸೇವಾಕೇಂದ್ರಕ್ಕೆ ಬಿಡಿ. ಮೈಮೇಲೆ ಕೊರೆದ ಅವಧಿ ಮೀರದಂತೆ ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ (ಐಎಸ್‌ಎಸ್‌ಎಫ್) ನಿಯಮ ಶೂಟರ್ ಮೇಲೆಯೇ ಹೊರಿಸಿದೆ.