ಕೈತಪ್ಪಿದ್ದೇನು?

ಬೆಂಗಳೂರಿನ ಅರ್ಜುನ್ ಮೈನಿಯ ಬಗ್ಗೆ ಬರೆಯುವವರು ಕೊನೆಗೆ ಒಂದೇ ರಾಗ ತೆಗೆಯುತ್ತಾರೆ: ಫಾರ್ಮುಲಾ ಒನ್ ಕೈತಪ್ಪಿತಲ್ಲ! 2018ರಲ್ಲಿ ಫಾರ್ಮುಲಾ ಟೂ ಓಡಿಸುತ್ತಿದ್ದಾಗ ಹುಡುಗ ಹಾಸ್ ತಂಡದ ಹೊಸಿಲವರೆಗೂ ಹೋಗಿದ್ದ, ನಿಜ. ಆದರೆ 2019ರಲ್ಲಿ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ಓಟಕ್ಕೆ ಇಳಿದದ್ದನ್ನು, 2021ರಲ್ಲಿ ಜರ್ಮನಿಯ ಡಿಟಿಎಂ ಪಂದ್ಯಗಳಿಗೆ ಭಾರತೀಯರಲ್ಲಿ ಮೊದಲಿಗನಾಗಿ ಹೋದದ್ದನ್ನು ಸೋಲೆಂದು ಬರೆದರೆ ನಾನು ಒಪ್ಪಲಾರೆ. ಲ ಮಾನ್‌ನಲ್ಲಿ ಒಂದೇ ಕಾರನ್ನು ಮೂವರು ಸರದಿಯಲ್ಲಿ ಓಡಿಸುತ್ತಾರೆ. ರಾತ್ರಿಯಿಡೀ ಓಡಿದ ಕಾರನ್ನು ಮುಂದಿನವನಿಗೆ ಕೆಡದಂತೆ ಒಪ್ಪಿಸಬೇಕು. ಮಳೆಗಾಲದ ಮಂಜಿನಲ್ಲಿ ಮೂಡಿಗೆರೆಯಿಂದ ಕಳಸಕ್ಕೆ ಬಸ್ಸಿನಲ್ಲಿ ಹೋದವರಿಗೆ ಅಂಥ ಕೈಯ ಬೆಲೆ ಗೊತ್ತು.

ರ‍್ಯಾಂಕ್ ತಪ್ಪಿದ ಶಿಷ್ಯನೊಬ್ಬನಿಗೆ ನಾನೂ ಹಿಂದೆ 'ಅಯ್ಯೋ ಪಾಪ' ಎಂದಿದ್ದೆ. ಮೊನ್ನೆ ತನ್ನ ತೋಟದ ಕಾಫಿಪುಡಿ ತಂದುಕೊಟ್ಟ. ಮುಖ ನೋಡಲು ನಾಚಿಕೆಯಾಯಿತು.